ಒಂದು ರೈಸ್ ಕುಕ್ಕರ್, ಒಂದು ಕೆಟಲ್: ನನ್ನ ಅಡುಗೆ ಎಲ್ಲಿಗೆ ಬಂತು

ಕೋಣೆಯಲ್ಲಿ ಇರುವುದು ಇಷ್ಟು: ಒಂದು ಚಿಕ್ಕ ರೈಸ್ ಕುಕ್ಕರ್, ಅದರೊಳಗೆ ಕೂರುವ ತೂತಿನ ತಟ್ಟೆ, ಒಂದು ಎಲೆಕ್ಟ್ರಿಕ್ ಕೆಟಲ್, ಅಗಲ ಬಾಯಿಯ ಫ್ಲಾಸ್ಕ್, ಚಾಕು, ಮಣೆ. ಗ್ಯಾಸ್ ಇಲ್ಲ, ಫ್ರಿಜ್ ಇಲ್ಲ. ಇಷ್ಟರಲ್ಲೇ ದಿನಕ್ಕೆ ಒಂದಾದರೂ ಪೂರ್ತಿ ಊಟ ಮಾಡಿಕೊಳ್ಳಬೇಕು ಅನ್ನುವುದು ನನ್ನ ಪ್ರಾಜೆಕ್ಟ್. ಪೂರ್ತಿ ಊಟ ಅಂದರೆ ಅಕ್ಕಿ ಅಥವಾ ಗೋಧಿ, ಬೇಳೆ ಇಲ್ಲವೇ ಕಾಳು, ಜೊತೆಗೆ ತರಕಾರಿ. ಮೂರೂ ತಟ್ಟೆಯಲ್ಲಿ ಇರಬೇಕು. ಓದುತ್ತಾ ಕೂತವರು ಮತ್ತೆ ಮತ್ತೆ ಎದ್ದು ಬಂದು ಕೈಯಾಡಿಸುವಂತೆ ಇರಬಾರದು.

ಕುಕ್ಕರ್ ಕೆಲಸ ಮಾಡುವ ರೀತಿ

ಪಾಕವಿಧಾನ ಹುಡುಕುವುದನ್ನು ಬಿಟ್ಟು, ಮೊದಲು ಕುಕ್ಕರ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದೆ. ಅಲ್ಲಿಂದಲೇ ಎಲ್ಲ ಸಲೀಸಾಯಿತು.

ಒಂದೇ ಬಟನ್ ಇರುವ ಕುಕ್ಕರಿನಲ್ಲಿ ಗಡಿಯಾರ ಇರುವುದಿಲ್ಲ. ಒಳಗೆ ನೀರು ಇರುವವರೆಗೆ ಬಿಸಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ಕಿ ನೀರನ್ನೆಲ್ಲ ಹೀರಿಕೊಂಡ ಮೇಲೆ ತಳದ ಬಿಸಿ ಮೇಲೇರುತ್ತದೆ. ತಳದಲ್ಲಿರುವ ಆಯಸ್ಕಾಂತ ಆ ಬಿಸಿಗೆ ಹಿಡಿತ ಬಿಡುತ್ತದೆ, ಬಟನ್ ಟಕ್ ಅಂತ ‘ವಾರ್ಮ್’ಗೆ ಹಾರುತ್ತದೆ. ಅಂದರೆ ಎಷ್ಟು ಹೊತ್ತು ಬೇಯಬೇಕು ಅನ್ನುವುದನ್ನು ತೀರ್ಮಾನಿಸುವುದು ನಾವು ಹಾಕುವ ನೀರು. ಜಾಸ್ತಿ ಹೊತ್ತು ಬೇಯಬೇಕಾದ್ದಕ್ಕೆ ಜಾಸ್ತಿ ನೀರು, ಅಷ್ಟೇ. ಇದು ತಿಳಿದ ಮೇಲೆ ನನಗೆ ಉಳಿದಿದ್ದು ಎರಡೇ ಪ್ರಶ್ನೆ: ನೀರು ಎಷ್ಟು? ಯಾವುದನ್ನು ಯಾವಾಗ ಹಾಕಬೇಕು?

ಈಗ ಕೈಗೆ ಕೂತಿರುವ ಊಟ

ಅರ್ಧ ಕಪ್ ಅಕ್ಕಿ, ಕಾಲು ಕಪ್ ಮಸೂರ ಬೇಳೆ, ಎರಡು ಕಪ್ ನೀರು. ಮಸೂರ ಬೇಳೆಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಅದನ್ನು ನೆನೆಸಬೇಕಾಗಿಲ್ಲ, 15ರಿಂದ 20 ನಿಮಿಷದಲ್ಲಿ ಬೇಯುತ್ತದೆ, ಹಾಗಾಗಿ ಅಕ್ಕಿಯ ಜೊತೆಗೇ ಹದಕ್ಕೆ ಬರುತ್ತದೆ. ಬೇಳೆ ನೊರೆ ಉಕ್ಕಿಸುತ್ತದೆ, ಅದಕ್ಕೆ ಒಂದು ಚಮಚ ಎಣ್ಣೆ ಹಾಕುತ್ತೇನೆ, ಪಾತ್ರೆಯನ್ನು ಅರ್ಧಕ್ಕಿಂತ ಜಾಸ್ತಿ ತುಂಬಿಸುವುದಿಲ್ಲ.

ಅಕ್ಕಿ, ಬೇಳೆ ಒಟ್ಟಿಗೆ ಇರುವುದು ಬರೀ ಅನುಕೂಲಕ್ಕಲ್ಲ. ಪ್ರೋಟೀನ್ ಅಮೈನೊ ಆಮ್ಲ ಅನ್ನುವ ಚಿಕ್ಕ ಘಟಕಗಳಿಂದ ಆಗಿರುತ್ತದೆ. ಅವುಗಳಲ್ಲಿ ಒಂದಾದ ಲೈಸೀನ್ ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಇನ್ನೊಂದು ಘಟಕ ಮೆಥಿಯೊನೀನ್ ಅಕ್ಕಿಯಲ್ಲಿ ಸಿಗುತ್ತದೆ. ಕಾಲು ಕಪ್ ಮಸೂರ ಬೇಳೆಯಿಂದಲೇ ಸುಮಾರು 12 ಗ್ರಾಂ ಪ್ರೋಟೀನ್ ಬರುತ್ತದೆ. ಮೇಲೆ ಒಂದು ಮೊಟ್ಟೆ ಇಟ್ಟರೆ ಇನ್ನೊಂದು 6 ಗ್ರಾಂ. ತಿನ್ನುವ ಹೊತ್ತಿಗೆ ನಿಂಬೆರಸ ಹಿಂಡುವುದನ್ನು ತಪ್ಪಿಸಬೇಡಿ. ಅದರ ವಿಟಮಿನ್ ಸಿ ಇದ್ದರೆ ಬೇಳೆಯ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದೇ ಕಬ್ಬಿಣಾಂಶ ಕಡಿಮೆ ಹತ್ತುತ್ತದೆ. ಟೀ ಬೇಕಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಕುಡಿಯಬಹುದು.

ತರಕಾರಿಯ ಸರದಿ

ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ಎಲ್ಲವನ್ನೂ ಒಟ್ಟಿಗೆ ಸುರಿದರೆ ಸೊಪ್ಪು ಮುದ್ದೆಯಾಗುತ್ತದೆ, ಕ್ಯಾರೆಟ್ ಮಾತ್ರ ಚೆನ್ನಾಗಿರುತ್ತದೆ. ಗಟ್ಟಿ ಇರುವುದು ಮೊದಲು, ಮೆತ್ತಗಿರುವುದು ಕೊನೆಗೆ ಅನ್ನುವ ಲೆಕ್ಕದಲ್ಲಿ ಈಗ ಮೂರು ಸರದಿ ಮಾಡಿಕೊಂಡಿದ್ದೇನೆ.

ಕ್ಯಾರೆಟ್, ಆಲೂಗಡ್ಡೆ ಚಿಕ್ಕದಾಗಿ ಹೆಚ್ಚಿ ಅಕ್ಕಿಯ ಜೊತೆಗೇ ತಳಕ್ಕೆ. ಹೂಕೋಸು, ಬೀನ್ಸ್ ಮೇಲಿನ ತೂತಿನ ತಟ್ಟೆಗೆ. ತೊಳೆದ ಮೊಟ್ಟೆಯೂ ಚಿಪ್ಪಿನ ಸಮೇತ ಅಲ್ಲೇ ಕೂರುತ್ತದೆ, ಆವಿ ಬರಲು ಶುರುವಾದ ಮೇಲೆ 12ರಿಂದ 15 ನಿಮಿಷಕ್ಕೆ ಗಟ್ಟಿಯಾಗುತ್ತದೆ. ಮಧ್ಯೆ ಮುಚ್ಚಳ ತೆಗೆದು ನೋಡಿದರೆ ಆವಿ ಎಲ್ಲ ಹೋಗಿ ಲೆಕ್ಕ ತಪ್ಪುತ್ತದೆ.

ಸೊಪ್ಪಿಗೆ ಬೆಂಕಿಯೇ ಬೇಡ. ಬಟನ್ ಹಾರಿದ ಮೇಲೆ ಮುಚ್ಚಳ ತೆಗೆದು, ಹೆಚ್ಚಿದ ಪಾಲಕ್ ಎರಡು ಹಿಡಿ ಬಿಸಿ ಅನ್ನದ ಮೇಲೆ ಹರಡಿ ಮತ್ತೆ ಮುಚ್ಚುತ್ತೇನೆ. 5 ನಿಮಿಷ ಬಿಟ್ಟು ತೆಗೆದರೆ ಮುಚ್ಚಳದವರೆಗೆ ಎದ್ದಿದ್ದ ಸೊಪ್ಪು ತೆಳುವಾಗಿ ಕುಗ್ಗಿರುತ್ತದೆ, ಬಣ್ಣ ಇನ್ನೂ ಕಡು ಹಸಿರು, ದಂಟು ಹಲ್ಲಿಗೆ ಸಿಗುವ ಹಾಗೆ ಇರುತ್ತದೆ. ಒಮ್ಮೆ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿದರೆ ಊಟ ತಯಾರು.

ಟೊಮೆಟೊ ಕೂಡ ಕೊನೆಗೇ. ಹುಳಿ ಮೊದಲೇ ಬಿದ್ದರೆ ಬೇಳೆ, ಕಾಳು ಮೆತ್ತಗಾಗುವುದು ತಡವಾಗುತ್ತದೆ. ಉಪ್ಪಿಗೆ ಮಾತ್ರ ನಾನು ಅಳತೆ ಚಮಚ ಇಟ್ಟಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಸುಮಾರು ಒಂದು ಟೀ ಚಮಚ. ಹಣ್ಣು, ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಆದರೂ ಇರಲಿ ಅನ್ನುವುದೂ ಅದರದ್ದೇ ಮಾತು. ಈ ಮೂರು ಸರದಿಯ ಊಟ, ಜೊತೆಗೆ ಒಂದೆರಡು ಹಣ್ಣು ಇದ್ದರೆ ಆ 400ರ ಹತ್ತಿರ ಹೋಗಬಹುದು.

ಕೆಟಲ್ ಮತ್ತು ಫ್ಲಾಸ್ಕ್

ಕೆಟಲ್‌ನಲ್ಲಿ ನೀರು ಮಾತ್ರ. ನೂಡಲ್ಸ್, ಹಾಲು, ಮೊಟ್ಟೆ ಯಾವುದನ್ನೂ ಅದರಲ್ಲಿ ಬೇಯಿಸುವುದು ಬೇಡ. ಹಾಲು, ಗಂಜಿಯಂಥದ್ದು ಉಕ್ಕಿ ಹೊರಗೆ ಬರುತ್ತದೆ, ತಳಕ್ಕೆ ಹಿಡಿದುಕೊಳ್ಳುತ್ತದೆ, ತೊಳೆಯುವುದೂ ಕಷ್ಟ. ಇನ್ನೊಂದು ಮಾತು: ಕೆಟಲ್, ಕುಕ್ಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಒಟ್ಟಿಗೆ ಆನ್ ಮಾಡಬೇಡಿ. ಕೆಟಲ್ ಒಂದೇ 1500 ವ್ಯಾಟ್ ಎಳೆಯುವುದು ಮಾಮೂಲಿ.

ಬೇಯಿಸುವ ಕೆಲಸ ಫ್ಲಾಸ್ಕಿಗೆ. ಮೊದಲು ಕುದಿಯುವ ನೀರು ಹಾಕಿ 5 ನಿಮಿಷ ಮುಚ್ಚಿಟ್ಟು ಚೆಲ್ಲುತ್ತೇನೆ. ಈ ಹೆಜ್ಜೆ ಬಿಟ್ಟರೆ ತಣ್ಣಗಿರುವ ಫ್ಲಾಸ್ಕೇ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಆಮೇಲೆ ಕಾಲು ಕಪ್ ಗೋಧಿ ನುಚ್ಚು, ಒಂದು ಕಪ್ ಕುದಿಯುವ ನೀರು, ಗಟ್ಟಿಯಾಗಿ ಮುಚ್ಚಳ. ಒಂದೆರಡು ಗಂಟೆಯಲ್ಲಿ ಮೆತ್ತಗಾಗುತ್ತದೆ. ಓಟ್ಸ್ ಆದರೆ 10 ನಿಮಿಷ ಸಾಕು. ಬಾಳೆಹಣ್ಣು, ಒಂದು ಹಿಡಿ ಕಡಲೆಕಾಯಿ ಬೀಜ ಸೇರಿದರೆ ಬೆಳಗಿನ ತಿಂಡಿ ಆಯಿತು.

ಆದರೆ ರಾಜ್ಮಾವನ್ನು ಫ್ಲಾಸ್ಕಿನಲ್ಲಿ ಎಂದೂ ಮಾಡಬೇಡಿ. ಅದರಲ್ಲಿ ಲೆಕ್ಟಿನ್ ಅನ್ನುವ ವಸ್ತು ಇದೆ. ಸರಿಯಾಗಿ ಬೇಯದಿದ್ದರೆ ಕೆಲವೇ ಗಂಟೆಗಳಲ್ಲಿ ಜೋರು ವಾಂತಿ, ಭೇದಿ ಶುರುವಾಗುತ್ತದೆ. ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು, 30 ನಿಮಿಷ ಆದರೆ ಇನ್ನೂ ಒಳ್ಳೆಯದು. ಫ್ಲಾಸ್ಕಿನ ಬಿಸಿ ಹಾಕಿದ ಕ್ಷಣದಿಂದಲೇ ಇಳಿಯುತ್ತಾ ಹೋಗುತ್ತದೆ, ಅದಕ್ಕೆ ಇದು ಸಾಧ್ಯವಿಲ್ಲ.

ಫ್ರಿಜ್ ಇಲ್ಲದಿರುವುದು

ಮಿಕ್ಕಿದ ಅನ್ನವನ್ನು ರಾತ್ರಿಯಿಡೀ ಹೊರಗಿಟ್ಟು ಬೆಳಿಗ್ಗೆ ಬಿಸಿ ಮಾಡಿ ತಿನ್ನುವ ಯೋಚನೆಯನ್ನು ಪೂರ್ತಿ ಕೈಬಿಟ್ಟಿದ್ದೇನೆ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಬೆಂದರೂ ಸಾಯುವುದಿಲ್ಲ. ಅನ್ನ ಹೊರಗೆ ಇದ್ದಷ್ಟೂ ಅವು ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ಅನ್ನ ವಾಸನೆ ಬರುತ್ತಿಲ್ಲ ಅಂದ ಮಾತ್ರಕ್ಕೆ ಚೆನ್ನಾಗಿದೆ ಅಂತ ನಂಬುವ ಹಾಗಿಲ್ಲ. ಎರಡು ಗಂಟೆಯೊಳಗೆ ತಿಂದು ಮುಗಿಸುವಷ್ಟೇ ಮಾಡುತ್ತೇನೆ. ಗೆಳೆಯರು ಬಂದರೆ ಇನ್ನೂ ಒಳ್ಳೆಯದು, ಪಾತ್ರೆ ಖಾಲಿಯಾಗುತ್ತದೆ.

ಬೇಳೆ, ಓಟ್ಸ್, ನುಚ್ಚು, ಈರುಳ್ಳಿ, ಆಲೂಗಡ್ಡೆ, ನಿಂಬೆ ಯಾವಾಗಲೂ ಕೋಣೆಯಲ್ಲಿರುತ್ತವೆ. ಸೊಪ್ಪು ಮಾತ್ರ ಅವತ್ತಿಗೆ ಬೇಕಾದಷ್ಟೇ ತರುತ್ತೇನೆ.

ಮುಂದೆ

ಈಗ ಕೈಗೆತ್ತಿಕೊಂಡಿರುವುದು ಕಾಬೂಲ್ ಕಡಲೆ. ರಾತ್ರಿಯಿಡೀ ನೆನೆಸಿದರೂ ತೆರೆದ ಪಾತ್ರೆಯಲ್ಲಿ ಬೇಯಲು ಒಂದು ಗಂಟೆಗೂ ಜಾಸ್ತಿ ಬೇಕು. ಅಷ್ಟು ಹೊತ್ತು ಆವಿಯಾಗಿ ಹೋಗುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು, ಚಿಕ್ಕ ಕುಕ್ಕರಿನಲ್ಲಿ ಜಾಗವೂ ಸಾಕಾಗಬೇಕು. ಒಂದೇ ಸಲ ತುಂಬಿಸುವ ಬದಲು ಮಧ್ಯೆ ಕೆಟಲ್‌ನಿಂದ ಕುದಿಯುವ ನೀರು ಸೇರಿಸುವುದು ವಾಸಿ ಅಂತ ಕಾಣುತ್ತದೆ. ತಣ್ಣೀರು ಹಾಕಿದರೆ ಕುದಿ ನಿಲ್ಲುತ್ತದೆ. ಅದಾದ ಮೇಲೆ ಮೊಳಕೆ ಬಂದ ಹೆಸರುಕಾಳು, ಹಸಿಯಾಗಿ ಅಲ್ಲ, ತೂತಿನ ತಟ್ಟೆಯಲ್ಲಿ ಆವಿಗೆ ಇಟ್ಟು.