ಕೆಲಸದ ಮೇಲಿದ್ದ ಕಪ್ಪೆ

"ಅವ ಕೆಲಸದ ಮೇಲಿದ್ದ ಸರ್. ಈಗ ಎತ್ತುದು ಬೇಡ."

ಶನಿವಾರ ರಾತ್ರಿ ಉತ್ತರ ಕನ್ನಡದ ಸಿದ್ದಾಪುರದ ಕಡೆಯ ಒಂದು ಹಳ್ಳದಲ್ಲಿ ನಮ್ಮ ಗೈಡ್ ಹೇಳಿದ ಮಾತಿದು. ವಾರವಿಡೀ ಕಿವಿಯಲ್ಲೇ ಇದೆ.

ಮಕ್ಕಳಿಗೆ ಕಪ್ಪೆ ತೋರಿಸುವ ರಾತ್ರಿ ನಡಿಗೆ ಅದು. ಗೈಡ್ ಅದೇ ಊರಿನ ಹುಡುಗ, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಮಗ. ಸೊಳ್ಳೆ ಕ್ರೀಮು ಹಚ್ಚಿದವರೆಲ್ಲ ಕೈ ತೊಳೆದು ಬನ್ನಿ ಎಂದು ಹೊರಡುವ ಮೊದಲೇ ಹೇಳಿದ್ದ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ನಮ್ಮ ಕೈಯಲ್ಲಿದ್ದದ್ದು ಅದರ ಮೈಗೆ ಇಳಿಯುತ್ತದೆ ಅಂತ ಕಾರಣವನ್ನೂ ಕೊಟ್ಟ. ಉಂಬಳಕ್ಕೆ (ಜಿಗಣೆಗೆ) ಉಪ್ಪು ಬೇಡ, ಉದ್ದ ಕಾಲುಚೀಲ ಸಾಕು ಅಂದ. ಇಷ್ಟು ಕಾಳಜಿಯ ಗೈಡ್ ಸಿಗೋದು ಅಪರೂಪ.

ಹಳ್ಳಕ್ಕೆ ಇಳಿದಾಗ 'ಟೊಕ್, ಟೊಕ್' ಸದ್ದು. ಟಾರ್ಚಿನ ಮಂದ ಬೆಳಕಿನಲ್ಲಿ ಕಂದು ಬಣ್ಣದ ಒಂದು ಗಂಡು ಕಪ್ಪೆ. ನೀರಿನ ಮೇಲೆ ಬಾಗಿದ್ದ ಕಡ್ಡಿಯಲ್ಲಿ ಮೊಟ್ಟೆಗಳಿದ್ದವು. ಹೆಣ್ಣು ಮೊಟ್ಟೆ ಇಟ್ಟು ಹೋಗಿಯಾಗಿತ್ತು. ಇವನು ಬಗ್ಗಿ ಮುಂಗೈಗಳಲ್ಲಿ ಕೆಸರು ಬಾಚಿಕೊಂಡ, ಹಿಂಗಾಲ ಮೇಲೆ ಎದ್ದು ನಿಂತ, ಮೊಟ್ಟೆಗಳಿಗೆ ಮೆತ್ತಿದ. ಮತ್ತೆ ಬಗ್ಗಿದ. ಇದೇ ಕುಂಬಾರ ಕಪ್ಪೆ. ಇದು ಹೊಸ ಪ್ರಭೇದ ಎಂದು ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಜಗತ್ತಿಗೆ ತಿಳಿಸಿದ್ದು 2014ರಲ್ಲಿ. ಇದೇ ಸಿದ್ದಾಪುರದ ಕಡೆಯ ಕತ್ತಲೆಕಾನು ಕಾಡಿನ ರಾಮಪತ್ರೆ ಜಡ್ಡಿಗಳ, ಅಂದರೆ ರಾಮಪತ್ರೆ ಮರಗಳ ಜೌಗು ನೆಲಗಳ, ಸುತ್ತಮುತ್ತ ಎಷ್ಟೋ ಮಳೆಗಾಲಗಳಿಂದ ಇದು ಇದೇ ಕೆಲಸ ಮಾಡುತ್ತಿತ್ತು, ಅಲ್ವಾ?

ಅಷ್ಟರಲ್ಲಿ ಗುಂಪಿನ ಒಬ್ಬರು ಮುಂದೆ ಬಂದರು. "ಕೈಗೆ ತಗೊಂಡು ತೋರಿಸಪ್ಪಾ. ಮಗನ ಜೊತೆ ಒಂದು ಫೋಟೋ. ಇಷ್ಟು ದುಡ್ಡು ಕೊಟ್ಟು ಬಂದಿದ್ದೀವಿ."

ಆಗಲೇ ಅವನು ಆ ಮಾತು ಹೇಳಿದ್ದು. ದನಿ ಏರಿಸಲಿಲ್ಲ. ಟಾರ್ಚನ್ನು ಪಕ್ಕಕ್ಕೆ ತಿರುಗಿಸಿದ, ಅಷ್ಟೇ.

ಆ ತಂದೆ ಕೆಟ್ಟವರಲ್ಲ. ಜಾರುವ ಕಡೆಯೆಲ್ಲ ಬೇರೆಯವರ ಮಕ್ಕಳ ಕೈಯನ್ನೂ ಹಿಡಿದು ದಾಟಿಸಿದವರು. ಆದರೂ ಅವರ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಕಾಡಿನಲ್ಲಿರುವುದೆಲ್ಲ ನಮ್ಮ ಕೈಗೆ ಬರಬೇಕಾ?

ಗೈಡ್ ಬೇರೆ ಏನಾದರೂ ಹೇಳಬಹುದಿತ್ತು. ರೂಲ್ಸ್ ಇದೆ, ಇಲಾಖೆಯವರು ಬಯ್ತಾರೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನು ಕಪ್ಪೆಯ ಕೆಲಸವನ್ನೇ ಕಾರಣ ಮಾಡಿದ. ಅವನಪ್ಪ ಕೊನೆ ಕೊಯ್ಯಲು ಅಡಿಕೆ ಮರದ ತುದಿಯಲ್ಲಿದ್ದಾಗ ಯಾರೂ ಕೆಳಗೆ ನಿಂತು ಮರ ಅಲ್ಲಾಡಿಸೋದಿಲ್ಲ. ಅದೇ ಮರ್ಯಾದೆಯನ್ನು ಅವನು ಕಪ್ಪೆಗೂ ಕೊಟ್ಟ. ಪಕ್ಕದಲ್ಲಿದ್ದ ನನ್ನ ಮಗಳು ಒಂದು ಹೆಜ್ಜೆ ಹಿಂದೆ ಸರಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಮುಟ್ಟದೆ ಮಕ್ಕಳು ಏನು ಕಲಿಯುತ್ತಾರೆ ಅಂತ ಕೇಳುವವರಿಗೆ ಭಾನುವಾರ ಬೆಳಗ್ಗೆ ನಡೆದದ್ದನ್ನು ಹೇಳಬೇಕು. ಅದೇ ಹುಡುಗ ಬೇಯಿಸಿದ ಸಾಬಕ್ಕಿಯನ್ನು ಕಡ್ಡಿಗಳಿಗೆ ಅಂಟಿಸಿ ಮಕ್ಕಳಿಗೆ ಕೊಟ್ಟ. ತೋಟದ ಕಾಲುವೆಯ ಕೆಸರು ತೆಗೆದು ಮೆತ್ತಿ ನೋಡಿ ಅಂದ. ಕೆಸರು ನೀರಾದರೆ ಜಾರಿ ಹೋಗುತ್ತಿತ್ತು. ಗಟ್ಟಿಯಾದರೆ ಸಾಬಕ್ಕಿಯನ್ನೂ ಕಿತ್ತುಕೊಂಡು ಬೀಳುತ್ತಿತ್ತು. ಹದ ಸಿಗುವಷ್ಟರಲ್ಲಿ ಮಕ್ಕಳ ಮೊಣಕೈವರೆಗೂ ಕೆಸರು. ಮೊಟ್ಟೆ ಒಣಗದಿರಲಿ, ತಿನ್ನುವವರ ಕಣ್ಣಿಗೆ ಬೀಳದಿರಲಿ ಅಂತ ಕಪ್ಪೆ ಹೀಗೆ ಮಾಡುತ್ತಿರಬಹುದು ಎಂದು ಅವನು ವಿವರಿಸುವಾಗ ಒಂದು ಮಗುವೂ ಆಚೀಚೆ ನೋಡಲಿಲ್ಲ. ಫೋಟೋ ಕೇಳಿದವರ ಮಗನದೇ ಎಲ್ಲಕ್ಕಿಂತ ಚೆನ್ನಾಗಿ ಅಂಟಿತ್ತು. ಕೈಯಾರೆ ಕಲಿಯೋದಕ್ಕೆ ಇನ್ನೇನು ಬೇಕು?

ನನ್ನ ತಕರಾರು ಇರೋದು ಪ್ರವಾಸ ನಡೆಸುವವರ ಮೇಲೆ. ಅವರ ಪೋಸ್ಟರಿನಲ್ಲಿ 'ಕಪ್ಪೆಯನ್ನು ಕೈಯಲ್ಲಿ ಹಿಡಿಯಿರಿ' ಅಂತ ದಪ್ಪ ಅಕ್ಷರದಲ್ಲಿತ್ತು. ಹಾಗೆ ಆಸೆ ಹುಟ್ಟಿಸಿ, ರಾತ್ರಿ ಹಳ್ಳದಲ್ಲಿ 'ಬೇಡ' ಅನ್ನುವ ಕಷ್ಟವನ್ನು ದಿನಗೂಲಿಯ ಹುಡುಗನ ತಲೆಗೆ ಕಟ್ಟಿದ್ದಾರೆ. ಬಂದವರು ಬೇಸರಗೊಂಡು ಕಡಿಮೆ ಸ್ಟಾರ್ ಕೊಟ್ಟರೆ ಮುಂದಿನ ವಾರ ಅವನನ್ನು ಕರೀತಾರೋ ಇಲ್ಲವೋ. ಆ ಸಾಲು ತೆಗೆಯಿರಿ, ಕೆಸರಿನ ಆಟವನ್ನು ಪೋಸ್ಟರಿಗೆ ಹಾಕಿ, ಹುಡುಗನ ಕೂಲಿ ಜಾಸ್ತಿ ಮಾಡಿ ಅಂತ ಅವರಿಗೆ ಬರೆದಿದ್ದೇನೆ. ಮುಂದಿನ ಮಳೆಗಾಲಕ್ಕೆ ಮಗಳನ್ನು ಮತ್ತೆ ಕರೆದುಕೊಂಡು ಹೋಗುತ್ತೇನೆ, ಅವನೇ ಗೈಡ್ ಆಗಿದ್ದರೆ.