ಎರಡು ಗೆರೆಯ ಚಾರ್ಟ್: ಮೂರನೇ ವಾರ

ಚಾರ್ಟ್ ಅರ್ಧ ಮುಗಿಯಿತು ಅಂದುಕೊಂಡಿದ್ದೆ. ಇಲ್ಲ, ಈ ವಾರ ಅದು ಬೆಳೆದಿದೆ.

ಹೊಸಬರಿಗೆ ಹೇಳಿಬಿಡುತ್ತೇನೆ. ನಾಲ್ಕು ಡ್ರಾಯಿಂಗ್ ಶೀಟ್ ಅಂಟಿಸಿ ಗೋಡೆಗೆ ಹಾಕಿದ್ದೇನೆ. ಮೇಲಿನ ಕೆಂಪು ಗೆರೆಯಲ್ಲಿ ಚುನಾವಣೆಗಳು, ಕೆಳಗಿನ ಹಸಿರು ಗೆರೆಯಲ್ಲಿ ರೈತರ ವಿಷಯದ ದೊಡ್ಡ ತೀರ್ಮಾನಗಳು. 2008ರ ಫೆಬ್ರುವರಿ ಬಜೆಟ್‌ನಲ್ಲಿ ಕೇಂದ್ರದ ಸಾಲ ಮನ್ನಾ, ಮರುವರ್ಷ ಲೋಕಸಭೆ ಚುನಾವಣೆ. ರೈತರ ಖಾತೆಗೆ ಕಂತಿನಲ್ಲಿ ದುಡ್ಡು ಹಾಕುವ ಪಿಎಂ ಕಿಸಾನ್ ಘೋಷಣೆ 2019ರ ಫೆಬ್ರುವರಿ 1, ಮತದಾನ ಏಪ್ರಿಲ್‌ನಿಂದ. ಕೃಷಿ ಕಾಯ್ದೆ ವಾಪಸ್ ಪಡೆಯುತ್ತೇವೆ ಅಂದಿದ್ದು 2021ರ ನವೆಂಬರ್ 19ಕ್ಕೆ, ಪಂಜಾಬ್ ಮತ್ತು ಉತ್ತರ ಪ್ರದೇಶದ ಮತದಾನ ಮುಂದಿನ ಫೆಬ್ರುವರಿಯಿಂದ. ದಿಲ್ಲಿ ಗಡಿಯಲ್ಲಿ ವರ್ಷಪೂರ್ತಿ ಕೂತ ರೈತರ ಶ್ರಮ ಇದರಿಂದ ಸಣ್ಣದಾಗಲ್ಲ. ಆದರೆ ಪಕ್ಷ ಯಾವುದೇ ಇರಲಿ, ಎರಡು ಗೆರೆ ಪಕ್ಕಪಕ್ಕದಲ್ಲೇ ನಡೆಯುತ್ತವೆ.

ಭಾನುವಾರ ಮಾನ್ವಿ ಕಡೆಯಿಂದ ಕಾಕಾ ಬಂದಿದ್ದರು. ಚಹಾ ಕುಡಿಯುತ್ತಾ ಪೂರ್ತಿ ಓದಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದ್ರಾಗ ನಮ್ಮ ಕಾಲುವಿ ಎಲ್ಲೈತಿ?"

ಉತ್ತರ ಇರಲಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆ ಮಾಡಿದ್ದೇ ಇರುವ ನೀರನ್ನು ಜಾಸ್ತಿ ಹೊಲಕ್ಕೆ ಹಂಚೋಕೆ. ಯೋಜನೆ ಪ್ರಕಾರ ಬಹುಪಾಲು ಜೋಳ, ಶೇಂಗಾ, ಹತ್ತಿಯಂಥ ಬೆಳೆ, ನೀರು ಜಾಸ್ತಿ ಬೇಡುವ ನೆಲ್ಲು ಸ್ವಲ್ಪವೇ. ಆದರೆ ಕಾಲುವೆಯ ಮೇಲ್ಭಾಗದ ಗಂಗಾವತಿ, ಸಿಂಧನೂರು ಕಡೆ ನೆಲ್ಲೇ ನೆಲ್ಲು ಆಯಿತು, ಮಿಲ್ಲುಗಳು ಬಂದವು. 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮಿನಲ್ಲಿ ಹೂಳು ತುಂಬಿ ಈಗ ಸುಮಾರು 105. ಹಿಂಗಾದರೆ ಕಾಲುವೆ ಕೊನೆಯ ಮಾನ್ವಿ, ರಾಯಚೂರಿನವರಿಗೆ ಏನು ಉಳಿಯುತ್ತೆ? ಮೇಲಿನ ರೈತರನ್ನು ನಾನು ಬೈಯಲ್ಲ. 2024-25ರಲ್ಲಿ ಕ್ವಿಂಟಲ್ ನೆಲ್ಲಿನ ಬೆಂಬಲ ಬೆಲೆ 2,300 ರೂಪಾಯಿ, ಹೈಬ್ರಿಡ್ ಜೋಳದ್ದು 3,371. ಕಾಗದದ ಮೇಲೆ ಜೋಳವೇ ಮೇಲು. ಆದರೆ ಎಕರೆಗೆ ನೆಲ್ಲು ಕೈತುಂಬ ಬರುತ್ತೆ, ಕೊಳ್ಳೋಕೆ ಮಿಲ್ಲು ಊರ ಪಕ್ಕದಲ್ಲೇ ಇದೆ. ಜೋಳಕ್ಕೆ ಖರೀದಿ ಕೇಂದ್ರ ಸಮಯಕ್ಕೆ ತೆರೆಯದಿದ್ದರೆ ಆ ಬೆಲೆಯಿಂದ ಯಾರಿಗೆ ಏನು ಸಿಗುತ್ತೆ ಹೇಳಿ. ಅನುಮತಿ ಇಲ್ಲದ ನೆಲ್ಲು ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳಿದರೆ ಮೇಲ್ಭಾಗದ ಓಟು ಹೋಗುತ್ತೆ. ಅದಕ್ಕೇ ಯಾರೂ ಹೇಳಲ್ಲ. ಇದು ನನ್ನ ಅಭಿಪ್ರಾಯ, ಅಷ್ಟೇ ಗಟ್ಟಿಯಾಗಿ ನಂಬಿದ್ದೇನೆ.

ನಾನು ಸುಮ್ನೆ ಘೋಷಣೆಗಳನ್ನೇ ಹುಡುಕುತ್ತಿದ್ದೆ. ತೆಗೆದುಕೊಳ್ಳದ ತೀರ್ಮಾನಕ್ಕೆ ಚಾರ್ಟಿನಲ್ಲಿ ಜಾಗವೇ ಇಟ್ಟಿರಲಿಲ್ಲ.

ಈಗ ಮೂರನೇ ಗೆರೆ ಎಳೆದಿದ್ದೇನೆ, ಕಪ್ಪು ಬಣ್ಣದಲ್ಲಿ. ಆಗದೇ ಇದ್ದದ್ದಕ್ಕೆ ತಾರೀಖು ಹಾಕೋದು ಹೇಗೆ ಅನ್ನೋದೇ ತಲೆನೋವಾಗಿತ್ತು. ಕೊನೆಗೆ ಮೊದಲ ಚುಕ್ಕೆ ಇಟ್ಟಿದ್ದು 2024ರ ಆಗಸ್ಟ್ 10ಕ್ಕೆ. ಆ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಏಳು ದಶಕದ ಹಳೆಯ ಗೇಟು ಬದಲಿಸಿದರೆ ಯಾರ ಮನೆಗೂ ಕಂತಿನ ದುಡ್ಡು ಬರಲ್ಲ, ಅಲ್ವಾ.

ಮುಂದಿನ ಭಾನುವಾರ ಕಾಕಾ ಜೊತೆ ಅವರ ಹೊಲದ ತೂಬಿಗೆ ಹೋಗುತ್ತೇನೆ. ನೀರು ಯಾವ ದಿನ ಬಂತು, ಎಷ್ಟು ದಿನ ಇತ್ತು ಅಂತ ಅವರು ಹಳೇ ಡೈರಿಯಲ್ಲಿ ಬರೆದಿಟ್ಟಿದ್ದಾರಂತೆ. ಐದನೇ ಶೀಟ್ ತಂದಿಟ್ಟಿದ್ದೇನೆ.