ರಿಜಿಸ್ಟರ್‌ನಲ್ಲಿ ಅದೇ 42 ಮಕ್ಕಳು

ನಾನು ಮಾಡೋ ಕೆಲಸ ಏನು ಅಂತ ನಮ್ಮನೇಲಿ ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾಟಕದ ತಂಡ, ಯಕ್ಷಗಾನ ಕಲಿಸೋ ಸಂಘ, ತೊಗಲು ಗೊಂಬೆ ಉಳಿಸ್ಕೊಂಡಿರೋ ಟ್ರಸ್ಟು, ಇಂಥ ಸಣ್ಣ ಸಣ್ಣ ಸಂಸ್ಥೆಗಳಿಗೆ ಹೋಗಿ, ನಿಮ್ಮ ಕಾರ್ಯಕ್ರಮದಿಂದ ಏನಾಯ್ತು ಅಂತ ನೀವೇ ಹೆಂಗೆ ನೋಡ್ಕೋಬೇಕು ಅನ್ನೋದನ್ನ ಹೇಳ್ಕೊಡ್ತೀನಿ. ಕಾಗದದ ಮೇಲೆ ಇದು ಪ್ರೋಗ್ರಾಮ್ ಇವ್ಯಾಲ್ಯುಯೇಷನ್ ಟ್ರೈನಿಂಗ್. ಕನ್ನಡದಲ್ಲಿ ಮೌಲ್ಯಮಾಪನ ಅಂದ್ರೆ ಎಲ್ರಿಗೂ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋದು ನೆನಪಾಗತ್ತೆ, ಹಂಗಾಗಿ ನಾನು ಆ ಪದಾನೇ ಬಿಟ್ಟಿದೀನಿ.

ಕುಂದಾಪುರದ ಕಡೆ ಒಂದು ಯಕ್ಷಗಾನ ಸಂಘಕ್ಕೆ ಮೊದಲನೇ ಸಲ ಹೋದಾಗ ಆದ ಕಥೆ ಇದು. ಶಾಲೆ ಹಾಲ್‌ನಲ್ಲಿ ಪ್ರೊಜೆಕ್ಟರ್ ಇಟ್ಟು ಐದು ಡಬ್ಬ ತೋರಿಸ್ದೆ, ಇನ್‌ಪುಟ್, ಆಕ್ಟಿವಿಟಿ, ಔಟ್‌ಪುಟ್, ಔಟ್‌ಕಮ್, ಇಂಪ್ಯಾಕ್ಟ್, ಮಧ್ಯೆ ಬಾಣದ ಗುರುತು. ಗುರುಗಳಿಗೆ ಕೊಡೋ ಸಂಭಾವನೆ ಇನ್‌ಪುಟ್ಟು, ತರಗತಿ ಆಕ್ಟಿವಿಟಿ, ಇಷ್ಟು ಮಕ್ಕಳು ಕಲಿತ್ರು ಅನ್ನೋದು ಔಟ್‌ಪುಟ್ಟು, ಕಲಿತಿದ್ರಿಂದ ಅವ್ರಲ್ಲಿ ಏನು ಬದಲಾಯ್ತು ಅನ್ನೋದು ಔಟ್‌ಕಮ್ಮು, ಅಂತ ಒಂದೂವರೆ ಗಂಟೆ ಮಾತಾಡ್ದೆ. ಕೊನೇಲಿ ಹಿರಿಯ ಭಾಗವತರು ಕೇಳಿದ್ರು, "ಎಲ್ಲ ಸರಿ ಮೇಡಂ, ಇದ್ರಲ್ಲಿ ಆಟ ಎಲ್ಲುಂಟು?" ಆ ಕಡೆ ಆಟ ಅಂದ್ರೆ ಯಕ್ಷಗಾನವೇ. ನನ್ನ ಐದು ಡಬ್ಬದಲ್ಲಿ ಎಲ್ಲೂ ಇರ್ಲಿಲ್ಲ ಅದು.

ಅವ್ರು ನನ್ನನ್ನ ಕರೆಸಿದ್ದೇ ಹೆದರಿಕೆಗೆ. ಒಂದು ಕಂಪನಿ ಸಿಎಸ್‌ಆರ್‌ನಿಂದ, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡೋ ದುಡ್ಡಿನಿಂದ, ನಾಲ್ಕು ಲಕ್ಷ ಬಂದಿತ್ತು, ಅಲ್ಲಿನ ಆಫೀಸರ್ ಫೋನ್ ಮಾಡಿ ಇಂಪ್ಯಾಕ್ಟ್ ಅಸೆಸ್‌ಮೆಂಟ್, ಅಂದ್ರೆ ಆ ದುಡ್ಡಿಂದ ಏನು ಪರಿಣಾಮ ಆಯ್ತು ಅಂತ ಅಳೆದ ವರದಿ, ಕಳ್ಸಿ ಅಂದ್ಬಿಟ್ಟಿದ್ರು. ಸಂಘದ ಕಾರ್ಯದರ್ಶಿ, ಪಾಪ ರಿಟೈರ್ಡ್ ಪೋಸ್ಟ್ ಮಾಸ್ಟರ್, ದುಡ್ಡು ಖರ್ಚಾಗಿದ್ದಕ್ಕೆ ಕೊಡೋ ಯುಸಿ (ಯುಟಿಲೈಸೇಷನ್ ಸರ್ಟಿಫಿಕೇಟ್) ಗೊತ್ತು, ಆಡಿಟ್ ಗೊತ್ತು, ಇದೇನು ಹೊಸ ಗ್ರಹಚಾರ ಅಂತ ನಿದ್ದೆ ಬಿಟ್ಟಿದ್ರು. ಇದನ್ನ ಎಲ್ಲ ಸಣ್ಣ ಸಂಸ್ಥೆಗಳಿಗೂ ಹೇಳೋಣ ಅಂತಾನೇ ಇಲ್ಲಿ ಬರೀತಿದೀನಿ. 2021ರಲ್ಲಿ ಸಿಎಸ್‌ಆರ್ ನಿಯಮ ತಿದ್ದಿದಾಗ ಇಂಪ್ಯಾಕ್ಟ್ ಅಸೆಸ್‌ಮೆಂಟ್ ಕಡ್ಡಾಯ ಮಾಡಿದ್ದು ದೊಡ್ಡ ಕಂಪನಿಗಳಿಗೆ. ಹಿಂದಿನ ಮೂರು ವರ್ಷದ ಸರಾಸರಿಯಲ್ಲಿ 10 ಕೋಟಿ ಅಥವಾ ಜಾಸ್ತಿ ಸಿಎಸ್‌ಆರ್ ಖರ್ಚು ಮಾಡ್ಬೇಕಾದ ಕಂಪನಿ, ಅದೂ 1 ಕೋಟಿ ಅಥವಾ ಮೇಲ್ಪಟ್ಟ ಪ್ರಾಜೆಕ್ಟ್‌ಗೆ, ಅದೂ ಪ್ರಾಜೆಕ್ಟ್ ಮುಗಿದು ಒಂದು ವರ್ಷ ಆದ್ಮೇಲೆ. ಮಾಡಿಸೋ ಜವಾಬ್ದಾರಿ ಕಂಪನೀದು, ಸ್ವತಂತ್ರ ಏಜೆನ್ಸಿ ಕೈಲಿ ಮಾಡಿಸ್ಬೇಕು. ನಾಲ್ಕು ಲಕ್ಷ ತಗೊಂಡಿರೋ ಸಂಘದ ತಲೆ ಮೇಲೆ ಅದು ಬರಲ್ಲ. ದುಡ್ಡು ಕೊಟ್ಟವ್ರು ಏನಾಯ್ತು ಅಂತ ಕೇಳೋದು ತಪ್ಪಲ್ಲ, ನಾಲ್ಕು ಪುಟ ಬರೆದು ಕೊಡಿ, ಅದಕ್ಕೆ ಆ ದೊಡ್ಡ ಹೆಸರು ಬೇಡ ಅಂದೆ. ಕಾರ್ಯದರ್ಶಿಗಳ ಮುಖಕ್ಕೆ ಅವತ್ತು ಸ್ವಲ್ಪ ಬಣ್ಣ ಬಂತು.

ಆಮೇಲೆ ನಾನು ಇನ್ನೊಂದು ಎಡವಟ್ಟು ಮಾಡಿದೆ. ಮಕ್ಕಳಿಗೆ ಫಾರ್ಮ್ ಕೊಟ್ಟೆ, ನಗೋ ಮುಖ ಅಳೋ ಮುಖ ಎಲ್ಲ ಹಾಕಿ. ಎಲ್ರೂ ಐದಕ್ಕೆ ಐದು. ಯಾಕೆ ಅಂದ್ರೆ ಗುರುಗಳು ಹಿಂದುಗಡೆ ಕಂಬಕ್ಕೆ ಒರಗಿ ನಿಂತಿದ್ರು! ಅವ್ರನ್ನ ಹೊರಗೆ ಕಳ್ಸಿ ಇನ್ನೊಂದು ಮಾಡಿಸ್ದೆ, ಅದು ಇನ್ನೂ ತಮಾಷೆ. ಜೂನ್‌ನಲ್ಲಿ ಸೇರಿದಾಗ 'ನಂಗೆ ತಾಳ ಚೆನ್ನಾಗಿ ಗೊತ್ತು' ಅಂತ ನಾಲ್ಕು ಕೊಟ್ಟಿದ್ದ ಹುಡುಗರು ಫೆಬ್ರವರಿಯಲ್ಲಿ ಎರಡಕ್ಕೆ ಇಳಿದಿದ್ರು. ಲೆಕ್ಕದ ಪ್ರಕಾರ ಕಲಿಸಿ ಕಲಿಸಿ ಮಕ್ಕಳು ದಡ್ಡರಾಗಿದಾರೆ. ವಿಷಯ ಏನಂದ್ರೆ ಸೇರಿದಾಗ ಅವಕ್ಕೆ ತಾಳ ಅಂದ್ರೆ ಕೈ ತಟ್ಟೋದು, ಏಕತಾಳ ಅಷ್ಟತಾಳ ಝಂಪೆ ತ್ರಿವುಡೆ ಅಂತ ಒಂದೊಂದೇ ಕಿವಿಗೆ ಬಿದ್ಮೇಲೆ ಎಷ್ಟು ಗೊತ್ತಿಲ್ಲ ಅನ್ನೋದು ಗೊತ್ತಾಗಿದೆ. ನಮ್ಮ ಕೆಲಸದಲ್ಲಿ ಇದು ಹಳೇ ರೋಗ, ಅಳೆಯೋ ಕೋಲೇ ಮಧ್ಯದಲ್ಲಿ ಬದಲಾಗಿರತ್ತೆ. ಇದಕ್ಕೆ ಮಾಡೋ ಉಪಾಯ ಅಂದ್ರೆ ಎರಡೂ ಪ್ರಶ್ನೆ ಕೊನೇಲೇ ಕೇಳೋದು, ಈಗ ಎಷ್ಟು ಬರತ್ತೆ, ಈಗ ಹಿಂದಕ್ಕೆ ತಿರುಗಿ ನೋಡಿದ್ರೆ ಜೂನ್‌ನಲ್ಲಿ ಎಷ್ಟು ಬರ್ತಿತ್ತು. ಇದೂ ಪೂರ್ತಿ ನಂಬೋ ಹಾಗಿಲ್ಲ, ಹಳೇದನ್ನ ಬೇಕಂತ ಕಮ್ಮಿ ಹೇಳೋರೂ ಇರ್ತಾರೆ, ಆದ್ರೂ ಮೊದಲಿನದಕ್ಕಿಂತ ವಾಸಿ.

ಆದ್ರೆ ನಿಜವಾದ ಅಳತೆ ಗುರುಗಳ ಹತ್ರ ಮೊದ್ಲಿಂದ್ಲೂ ಇತ್ತು, ಕೇಳಿರ್ಲಿಲ್ಲ ನಾನು. ಒಬ್ಬ ಹುಡುಗ ಕಲಿತಿದಾನೆ ಅಂತ ನಿಮಗೆ ಹೆಂಗೆ ಗೊತ್ತಾಗತ್ತೆ ಅಂತ ಒಂದಿನ ಚಾ ಕುಡೀತಾ ಕೇಳಿದ್ದಕ್ಕೆ ಪಟಪಟ ಅಂತ ಹೇಳಿದ್ರು. ಮೊದಲು ಪಕ್ಕದವ್ನ ಕಾಲು ನೋಡಿ ಹೆಜ್ಜೆ ಹಾಕ್ತಾನೆ. ಆಮೇಲೆ ನನ್ನ ಕೈ ನೋಡಿ ಹಾಕ್ತಾನೆ. ಆಮೇಲೆ ಚೆಂಡೆ ಕೇಳಿ ಹಾಕ್ತಾನೆ, ಯಾರನ್ನೂ ನೋಡಲ್ಲ. ಕೊನೇದು, ರಂಗದ ಮೇಲೆ ತಪ್ಪಿದ್ರೆ ಯಾರಿಗೂ ಗೊತ್ತಾಗದ ಹಾಗೆ ತಾಳದ ಮುಂದಿನ ಆವರ್ತಕ್ಕೆ, ಅಂದ್ರೆ ಮುಂದಿನ ಸುತ್ತಿಗೆ, ಹಿಡ್ಕೊಳ್ತಾನೆ. ನಾನು ಅದನ್ನ ಹಾಗೇ ಬರ್ಕೊಂಡು ನಾಲ್ಕು ಕಾಲಂ ಮಾಡಿದೆ, ತಿಂಗಳಿಗೊಂದ್ಸಲ ಗುರುಗಳು ಟಿಕ್ ಹಾಕ್ತಾರೆ, ಹತ್ತು ನಿಮಿಷದ ಕೆಲಸ. ಯೋಚ್ನೆ ಮಾಡಿದ್ರೆ ಮೇಳಗಳಲ್ಲಿ ಮೊದಲು ಕೋಡಂಗಿ ಆಮೇಲೆ ಬಾಲಗೋಪಾಲ ಅಂತ, ಆಟದ ಶುರುವಿನಲ್ಲಿ ಬರೋ ಸಣ್ಣ ವೇಷಗಳನ್ನ ಒಂದೊಂದಾಗಿ ಕೊಟ್ಟು ಕಲಿಯೋರನ್ನ ಮೇಲೇರಿಸ್ತಿದ್ದದ್ದೂ ಇದೇ ಅಲ್ವಾ, ನಮ್ಮ ಪಿಪಿಟಿ ಹುಟ್ಟೋಕೆ ಎಷ್ಟೋ ಮುಂಚೆ.

ಈಗ ರಿಜಿಸ್ಟರ್ ವಿಷಯ. ಸಂಘದ ಪ್ರತಿ ವರ್ಷದ ವರದಿಯಲ್ಲೂ 42 ಮಕ್ಕಳು ಅಥವಾ 41, 43, ಹಿಂಗೇ. ಚೆನ್ನಾಗೇ ನಡೀತಿದೆ ಅಂತ ಎಲ್ರೂ ಅಂದ್ಕೊಂಡಿದ್ರು, ನಾನೂ. ಒಂದು ಮಧ್ಯಾಹ್ನ ಮಳೆ ಹಿಡ್ಕೊಂಡು ಕರೆಂಟ್ ಹೋಗಿ ಲ್ಯಾಪ್‌ಟಾಪೂ ಸತ್ತು, ಮಾಡೋಕೆ ಬೇರೆ ಏನೂ ಇಲ್ದೆ ನಾನೂ ಕಾರ್ಯದರ್ಶಿಗಳೂ ಹಳೇ ಹಾಜರಿ ಪುಸ್ತಕ ಪಕ್ಕಪಕ್ಕ ಇಟ್ಕೊಂಡು ಹೆಸರು ಹೆಸರು ನೋಡ್ತಾ ಹೋದ್ವಿ. ಮೂರು ವರ್ಷದ ಹಿಂದಿನ 42 ಜನರಲ್ಲಿ ಈಗ ಇರೋದು 11. ಖಾಲಿ ಆದ ಜಾಗಕ್ಕೆಲ್ಲ ಪ್ರತಿ ಜೂನ್‌ನಲ್ಲಿ ಹೊಸ ಪುಟಾಣಿಗಳು ಬಂದು ತುಂಬ್ತಿದ್ವು, ಒಟ್ಟು ಮಾತ್ರ ಅಲ್ಲಾಡ್ತಿರ್ಲಿಲ್ಲ. ಆ 42ರಲ್ಲಿ ಹುಡುಗೀರು 19 ಜನ ಇದ್ರು, ಉಳಿದಿದ್ದು ಇಬ್ರು. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು ಇನ್ನೊಂದ್ಸಲ ಎಣಿಸಿದ್ರು. ಎರಡೇ.

ಬಿಟ್ಟಿದ್ದೆಲ್ಲ ಏಳನೇ ಕ್ಲಾಸ್ ಮುಗಿದ ಮೇಲೆ. ಸಂಸ್ಕೃತಿ, ಆಸಕ್ತಿ ಕಮ್ಮಿ, ಮೊಬೈಲು, ಈಗಿನ ಮಕ್ಕಳು ಅಂತ ಸಮಿತಿಯವ್ರು ಒಂದು ಸುತ್ತು ಭಾಷಣ ಮಾಡಿದ್ರು. ಐದಾರು ಮನೆಗೆ ಹೋಗಿ ಕೇಳಿದ್ರೆ ಕಾರಣ ಬಸ್ಸು. ಊರಲ್ಲಿ ಇರೋದು ಏಳರವರೆಗೆ ಶಾಲೆ, ಹೈಸ್ಕೂಲಿಗೆ ಪೇಟೆಗೆ ಹೋಗ್ಬೇಕು, ವಾಪಸ್ ಬರೋ ಬಸ್ 5:40ಕ್ಕೆ, ತರಗತಿ ಶುರುವಾಗೋದು 4:30ಕ್ಕೆ. ಹುಡುಗರಲ್ಲಿ ಕೆಲವ್ರು ಸೈಕಲ್ಲೋ ಯಾರದ್ದೋ ಬೈಕೋ ಹತ್ಕೊಂಡು ಲೇಟಾದ್ರೂ ಬರ್ತಿದ್ರು. ಆರಕ್ಕೆ ಇಟ್ರೆ ಮುಗಿಯೋದು ಎಂಟಾಗತ್ತೆ, ಕತ್ತಲಲ್ಲಿ ಕಳ್ಸಲ್ಲ ಅಂದ್ರು ಅಮ್ಮಂದಿರು. ಭಾನುವಾರ ಬೆಳಿಗ್ಗೆ ಇಡೋಣ ಅಂದ್ರೆ ಗುರುಗಳು ಕೈ ಮುಗಿದ್ರು, ನವೆಂಬರ್‌ನಿಂದ ಮೇ ತನಕ ಮೇಳದ ಜೊತೆ ಊರೂರು ತಿರುಗಾಟ, ಶನಿವಾರ ರಾತ್ರಿ ಎಲ್ಲ ವೇಷ ಮಾಡಿ ಬಂದಿರ್ತಾರೆ, ಬೆಳಿಗ್ಗೆ ಕಣ್ಣು ಬಿಡೋಕಾಗಲ್ಲ. ಕೊನೆಗೆ ಭಾನುವಾರ ಮಧ್ಯಾಹ್ನ ಮೂರಕ್ಕೆ ಅಂತಾಯ್ತು. ನಾಲ್ಕು ಹುಡುಗೀರು ವಾಪಸ್ ಬಂದ್ರು. ಉಳಿದವ್ರು ಬರ್ಲಿಲ್ಲ, ಒಬ್ಳನ್ನ ದಾರೀಲಿ ಸಿಕ್ಕಾಗ ಕೇಳಿದ್ರೆ ಬಿಟ್ಟಿದ್ದು ಬಿಟ್ಟೋಯ್ತು ಅಕ್ಕ ಅಂದ್ಳು.

ಸಿಎಸ್‌ಆರ್‌ನವ್ರಿಗೆ ಕಳ್ಸಿದ ನಾಲ್ಕು ಪುಟದಲ್ಲಿ ಇದನ್ನೂ ಬರೀಬೇಕಾ ಬೇಡ್ವಾ ಅಂತ ಸಮಿತಿಯಲ್ಲಿ ದೊಡ್ಡ ಜಗಳ. 17 ಜನ ಹುಡುಗೀರು ಬಿಟ್ರು ಅಂತ ನಾವೇ ಬರೆದ್ರೆ ಮುಂದಿನ ವರ್ಷ ದುಡ್ಡು ಯಾರು ಕೊಡ್ತಾರೆ? ನಾನು ಬರೀರಿ ಅಂದೆ, ಆದ್ರೆ ಒಳಗೊಳಗೆ ನಂಗೂ ಪುಕುಪುಕು, ಯಾಕಂದ್ರೆ ಇದೇ ಮಾತು ಕೇಳಿ ಬರೆದ ಬೇರೆ ಸಂಸ್ಥೆಯೊಂದಕ್ಕೆ ನವೀಕರಣ ಸಿಕ್ಕಿರ್ಲಿಲ್ಲ. ಇವ್ರು ಬರೆದ್ರು, ಬಸ್ಸಿನ ಟೈಮ್ ಸಮೇತ. ಆಫೀಸರ್ ಓದಿ ಮಾಡಿದ ಒಂದೇ ಪ್ರಶ್ನೆ ವಾರ್ಷಿಕೋತ್ಸವದ ಆಟಕ್ಕೆ ಎಷ್ಟು ಜನ ಬಂದಿದ್ರು ಅಂತ. ನಗೋದಾ ಅಳೋದಾ.

ಬಯಲಾಟಕ್ಕೆ ಟಿಕೆಟ್ ಇರಲ್ಲ, ಸಾವಿರಾರು ಜನ ಅಂತ ಬರೆಯೋದೇ ವಾಡಿಕೆ. ನಾವು ಸರಿಯಾಗಿ ಎಣಿಸೋಣ ಅಂತ ಇಬ್ರು ಹುಡುಗರನ್ನ ನಿಲ್ಸಿ ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಒಂದೊಂದ್ಸಲ ತಲೆ ಎಣಿಸಿದ್ವಿ. ಹತ್ತಕ್ಕೆ 380, ಮೂರಕ್ಕೆ 61, ಅದ್ರಲ್ಲಿ 14 ಜನ ಮಲಗಿದ್ರು. ಮಲಗಿದವ್ರನ್ನ ಬಿಡೋಣ ಅಂತ ನಾನಂದ್ರೆ ಭಾಗವತರು ಒಪ್ಲಿಲ್ಲ. "ಅವ್ರು ಮಲಗ್ಲಿಕ್ಕೆ ಮನೆ ಇಲ್ಲದೆ ಬಂದವ್ರಲ್ಲ ಮೇಡಂ, ಬರೀರಿ." ಬರೆದ್ವಿ.

ಈಗೆಲ್ಲ ನಾನು ಟ್ರೈನಿಂಗ್‌ಗೆ ಹೋಗೋ ಮುಂಚೆ ಫೋನ್‌ನಲ್ಲಿ ಒಂದೇ ಮಾತು ಹೇಳೋದು, ನಿಮ್ಮ ಹತ್ರ ಇರೋ ಹಳೇ ಪುಸ್ತಕ ಎಲ್ಲ ತಗೊಂಡ್ಬನ್ನಿ, ಹಾಜರಿ, ಜಮಾಖರ್ಚು, ಏನಿದ್ರೂ ಸರಿ. ಮುಂದಿನ ತಿಂಗಳು ಬಾಗಲಕೋಟೆ ಕಡೆ ಒಂದು ತಂಡ, ಶ್ರೀಕೃಷ್ಣ ಪಾರಿಜಾತ ಅನ್ನೋ ಜಾನಪದ ಆಟ ಆಡೋರು. ಅವ್ರ ಮ್ಯಾನೇಜರ್ರು, "ನಮ್ಮಲ್ಲಿ ರಿಜಿಸ್ಟರ್ ಗಿಜಿಸ್ಟರ್ ಏನೂ ಇಲ್ರೀ ಮೇಡಂ, ಆಯೇರಿ ಬರ್ದಿದ್ದ ಹಳೇ ವಹಿ ಅದಾವ್ರೀ ನಾಕೈದು" ಅಂದ್ರು. ಆಟದ ನಡುವೆ ಯಾರು ಎಷ್ಟು ದುಡ್ಡು ಕೊಟ್ರು, ಯಾವ ಊರು, ಎಲ್ಲ ಅದ್ರಲ್ಲಿದೆಯಂತೆ. ಯಾವ್ಯಾವ ಊರಿನ ಹೆಸರು ಯಾವ ವರ್ಷದಿಂದ ನಿಂತೋಗಿದೆ ಅಂತ ನೋಡ್ಬೇಕು. ಅವು ಒಂದೂ ಮಿಸ್ ಆಗ್ದಂಗೆ ತಗೊಂಡ್ಬನ್ನಿ ಅಂದಿದೀನಿ.